ನಮ್ಮ ಬೀದಿ ಚರಂಡಿಗೆ ಪಂಚಾಯಿತಿ ಬಿಟ್ಟು ನೇರವಾಗಿ ಡಿಸಿಗೆ ಅರ್ಜಿ ಕೊಟ್ಟರೆ ಬೇಗ ಕೆಲಸ ಆಗುತ್ತಾ? ಅಥವಾ ಎಂಎಲ್‌ಎ ಹಿಡಿಯೋದು ಒಳ್ಳೇದಾ?

ಕೊಡಬೇಡಿ. ನಾನು ಕೊಟ್ಟಿದ್ದೆ.

ನಮ್ಮ ಬೀದಿಯ ಚರಂಡಿ ಅರ್ಧಕ್ಕೇ ನಿಂತಿತ್ತು. ಮೇಲಿನ ಮನೆಗಳ ಬಚ್ಚಲು ನೀರೆಲ್ಲ ಅಂಗನವಾಡಿ ಬಾಗಿಲ ಮುಂದೆ ಬಂದು ನಿಲ್ಲುತ್ತಿತ್ತು. ಯಾರೋ ನಾಲ್ಕು ಸೈಜುಗಲ್ಲು ಹಾಕಿದ್ದರು. ಮಕ್ಕಳು ಅದರ ಮೇಲೆ ಕಾಲಿಟ್ಟು ಒಳಗೆ ಹೋಗಬೇಕಿತ್ತು. ಪಂಚಾಯಿತಿಯವರು ನಮ್ಮ ಮಾತು ಕೇಳೋದಿಲ್ಲ, ಮೇಲಿನವರು ಹೇಳಿದರೆ ಓಡಿ ಬರ್ತಾರೆ ಅಂತ ನಾನೂ ನಂಬಿದ್ದೆ. ಬೀದಿಯವರ ಸಹಿ ಹಾಕಿಸಿ, ಫೋಟೋ ಲಗತ್ತಿಸಿ, ಡಿಸಿ ಕಚೇರಿಯ ಟಪಾಲಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ.

ಅರ್ಜಿ ಅಲ್ಲಿಂದ ಜಿಲ್ಲಾ ಪಂಚಾಯಿತಿ ಸಿಇಒ ಕಚೇರಿಗೆ ಹೋಯಿತು. ಅಲ್ಲಿಂದ ತಾಲೂಕು ಪಂಚಾಯಿತಿ ಇಒ ಅವರಿಗೆ. ಕೊನೆಗೆ ಬಂದು ಕೂತಿದ್ದು ನಮ್ಮೂರ ಪಿಡಿಒ (ಗ್ರಾಮ ಪಂಚಾಯಿತಿ ಅಧಿಕಾರಿ) ಮೇಜಿನ ಮೇಲೇ. ಒಂದೊಂದು ಕಡೆಯೂ ಒಂದೊಂದು ಹಾಳೆ ಸೇರಿತ್ತು, ಎಲ್ಲದರಲ್ಲೂ ಒಂದೇ ಮಾತು: ನಿಯಮಾನುಸಾರ ಕ್ರಮ ಕೈಗೊಂಡು ಅರ್ಜಿದಾರರಿಗೆ ಹಿಂಬರಹ ನೀಡುವುದು. ಹಿಂಬರಹ ಬಂತು. ಈ ಸಾಲಿನ ಕ್ರಿಯಾ ಯೋಜನೆಗೆ (ಅಂದರೆ ವರ್ಷದ ಕಾಮಗಾರಿ ಪಟ್ಟಿಗೆ) ಅನುಮೋದನೆ ಆಗಿದೆ, ಮುಂದಿನ ಸಾಲಿನಲ್ಲಿ ಪರಿಶೀಲಿಸಲಾಗುವುದು ಅಂತ.

ನನಗೆ ಒಂದು ವರ್ಷ ದಂಡ ಆಗಿದ್ದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜನ ಎಡವೋದು ಇಲ್ಲೇ. ಡಿಸಿಗೆ ಕೊಟ್ಟಿದ್ದಷ್ಟೇ ಆಗಿದ್ದರೆ ನಷ್ಟ ಇರಲಿಲ್ಲ. ಅರ್ಜಿ ಹಾಗೆ ಸುತ್ತುತ್ತಿದ್ದಾಗಲೇ ನಮ್ಮಲ್ಲಿ ಗ್ರಾಮ ಸಭೆ ನಡೆಯಿತು. ತಮಟೆ ಸಾರಿದ್ದು ನನ್ನ ಕಿವಿಗೂ ಬಿದ್ದಿತ್ತು. ಡಿಸಿಗೇ ಕೊಟ್ಟಾಗಿದೆ, ಇಲ್ಲಿ ಬಾಯಿ ಬಡಿದುಕೊಳ್ಳೋದು ಯಾಕೆ ಅಂತ ಹೋಗಲಿಲ್ಲ. ಹೊರಟಿದ್ದ ಅಕ್ಕಪಕ್ಕದವರನ್ನೂ ತಡೆದೆ. ವರ್ಷದ ಕಾಮಗಾರಿ ಪಟ್ಟಿಗೆ ಬೇಡಿಕೆ ಸೇರೋದು ಆ ಸಭೆಯಲ್ಲೇ. ಪಟ್ಟಿಯಲ್ಲಿ ಹೆಸರಿಲ್ಲದ ಕೆಲಸಕ್ಕೆ ಪಿಡಿಒ ಮನಸ್ಸು ಮಾಡಿದರೂ ಬಿಲ್ಲು ಮಾಡೋಕೆ ಆಗಲ್ಲ. ನಾವಿಲ್ಲದ ಸಭೆಯಲ್ಲಿ ಕೆಳಗಿನ ಕೇರಿಯವರು ಬಂದು ತಮ್ಮ ಚರಂಡಿ ಬರೆಸಿದರು. ಅವರದು ಆಯಿತು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಅವರು ಮಾಡಿದ್ದೇ ಸರಿ.

ಪಂಚಾಯಿತಿ ಚಿಕ್ಕದು, ಡಿಸಿ ದೊಡ್ಡವರು ಅನ್ನೋ ನಿಮ್ಮ ಲೆಕ್ಕವೇ ಸರಿಯಿಲ್ಲ. ನಾವು ಇಡೀ ಆಡಳಿತ ಒಂದೇ ಏಣಿ ಅಂದುಕೊಂಡಿದ್ದೀವಿ. ಎರಡಿವೆ. ಡಿಸಿ, ಎಸಿ, ತಹಶೀಲ್ದಾರ್, ಹೋಬಳಿಗೆ ಆರ್‌ಐ, ಊರಿಗೆ ವಿಎ (ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರೆ) ಇದು ಕಂದಾಯದ್ದು. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ಬೆಳೆ ಪರಿಹಾರ ಎಲ್ಲ ಅಲ್ಲಿ. ಜಿಲ್ಲಾ, ತಾಲೂಕು, ಗ್ರಾಮ ಪಂಚಾಯಿತಿಗಳದ್ದು ಇನ್ನೊಂದು. ಊರೊಳಗಿನ ಚರಂಡಿ, ಬೀದಿದೀಪ, ಕುಡಿಯುವ ನೀರು, ಮನೆ ಕಂದಾಯ, ಇ-ಸ್ವತ್ತು ಇಲ್ಲಿ. ಮೊದಲನೆಯದರಲ್ಲಿ ಇರೋರೆಲ್ಲ ಸರ್ಕಾರ ನೇಮಿಸಿದವರು. ಎರಡನೆಯದರಲ್ಲಿ ನಾವು ಓಟು ಹಾಕಿ ಕಳಿಸಿದವರು ತೀರ್ಮಾನ ಮಾಡಬೇಕು, ಅಧಿಕಾರಿಗಳು ಅದನ್ನು ಜಾರಿ ಮಾಡಬೇಕು.

ಇದು ಸುಮ್ನೆ ಬಂದಿದ್ದಲ್ಲ. ನಜೀರ್ ಸಾಬ್ ಅವರು ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ ನಮ್ಮ ರಾಜ್ಯ 1983ರಲ್ಲೇ ಕಾನೂನು ಮಾಡಿ, 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿತು. ಪಂಚಾಯಿತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆಲ್ಲ ಜಾರಿಗೆ ಬಂದಿದ್ದು 1993ರಲ್ಲಿ. ಅಂಥ ರಾಜ್ಯದಲ್ಲೇ ಜಿಲ್ಲಾ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದಲ್ಲೇ ಇದೆ. ನನಗೆ ಇದರ ಬಗ್ಗೆ ತುಂಬಾ ಬೇಜಾರಿದೆ. ನಾವೆಲ್ಲ ಡಿಸಿ, ಎಂಎಲ್‌ಎ ಅಂತ ಓಡಿದಷ್ಟೂ ಇದನ್ನು ಕೇಳೋರು ಇಲ್ಲದಂತಾಗುತ್ತೆ.

ಎಂಎಲ್‌ಎ ವಿಚಾರ: ಅನುದಾನ ಕೊಟ್ಟರೂ ಕೊಡಬಹುದು. ಆದರೂ ನಾನು ಬೇಡ ಅಂತೀನಿ. ರಾಜ್ಯಕ್ಕೆಲ್ಲ ಸೇರಿ ಅವರು 224 ಜನ. ಗ್ರಾಮ ಪಂಚಾಯಿತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯರು, ನಿಮ್ಮ ಮನೆ ಮುಂದೆಯೇ ದಿನಾ ಓಡಾಡೋರು. ಅವರನ್ನು ಕೇಳದೆ ಬಿಟ್ಟರೆ ಅವರು ಯಾಕಾದರೂ ಕೆಲಸ ಮಾಡ್ತಾರೆ?

ಮರುವರ್ಷ ನಾವು ಮೊದಲು ವಾರ್ಡ್ ಸಭೆಗೆ ಹೋದೆವು, ಆಮೇಲೆ ಗ್ರಾಮ ಸಭೆಗೆ. ಬೀದಿಯ ಹೆಂಗಸರೂ ಬಂದಿದ್ದರು, ಅಂಗನವಾಡಿ ಟೀಚರೂ ಬಂದಿದ್ದರು. ಸಭೆಯ ತೀರ್ಮಾನ ಬರೆಯೋ ನಡವಳಿ ಪುಸ್ತಕದಲ್ಲಿ ‘ಗ್ರಾಮದಲ್ಲಿ ಚರಂಡಿ ಕಾಮಗಾರಿ’ ಅಂತಷ್ಟೇ ಬರೆಯುತ್ತಿದ್ದರು. ಹಾಗೆ ಬರೆದರೆ ದುಡ್ಡು ಯಾವ ಬೀದಿಗೆ ಬೇಕಾದರೂ ಹೋಗುತ್ತೆ ಅಂತ ಪಕ್ಕದ ಮನೆ ಅಜ್ಜಿಯೊಬ್ಬರು ಎದ್ದು ನಿಂತು ಹೇಳಿದರು. ‘ಅಂಗನವಾಡಿಯಿಂದ ದೊಡ್ಡ ಮೋರಿಯವರೆಗೆ’ ಅಂತ ಬರೆಸಿ, ಓದಿಸಿಕೊಂಡು, ಆಮೇಲೆ ಸಹಿ ಹಾಕಿದೆವು. ನಡವಳಿಯ ನಕಲು ಇಸ್ಕೊಂಡೆ. ಆ ಸಾಲಿನ ಕ್ರಿಯಾ ಯೋಜನೆಯಲ್ಲಿ ಹೆಸರು ಬಂತು, ಚರಂಡಿಯೂ ಆಯಿತು.

ನಡವಳಿಯಲ್ಲಿ ಇದ್ದೂ ಮಾಡದಿದ್ದರೆ ಆ ನಕಲು ಇಟ್ಟುಕೊಂಡು ಇಒ ಹತ್ತಿರ ಹೋಗಿ, ಅಲ್ಲೂ ಆಗದಿದ್ದರೆ ಸಿಇಒ. ಆವಾಗ ಮೇಲೆ ಹೋಗೋದಕ್ಕೆ ಅರ್ಥ ಇರುತ್ತೆ, ಅಲ್ವಾ?

ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಡಿಸಿಗೆ ಅಂತ ಅರ್ಜಿ ಬರೆದಿಟ್ಟಿದ್ದರೆ ಅದನ್ನೇ ತಿದ್ದಿ. ‘ಮಾನ್ಯ ಜಿಲ್ಲಾಧಿಕಾರಿಗಳಿಗೆ’ ಅನ್ನೋದನ್ನು ತೆಗೆದು ‘ಅಧ್ಯಕ್ಷರು, ಗ್ರಾಮ ಪಂಚಾಯಿತಿ’ ಅಂತ ಮಾಡಿ. ಕೊಟ್ಟು ಸ್ವೀಕೃತಿ ತಗೊಳ್ಳಿ, ಮುಂದಿನ ವಾರ್ಡ್ ಸಭೆ ಯಾವತ್ತು ಅಂತ ಅಲ್ಲೇ ಕೇಳಿಕೊಂಡು ಬನ್ನಿ.