ಲಘು ವಿಮಾನದಲ್ಲಿ ಕೊಲಂಬೊಗೆ

ಪ್ರಶ್ನೆ: ಗೆಳೆಯರ ಅವ್‌ಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲ್) ಎಂಜಿನ್ನಿನ ಪುಟ್ಟ ವಿಮಾನದಲ್ಲಿ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ನೇರವಾಗಿ ಕೊಲಂಬೊಗೆ ಹಾರಬಹುದೇ? – ಓದುಗರೊಬ್ಬರು, ಬಳ್ಳಾರಿ

ಉತ್ತರ: ನೇರವಾಗಿ ಹಾರಲಾಗದು. ಗಡಿ ದಾಟುವ ವಿಮಾನವು ಸುಂಕ ಮತ್ತು ವಲಸೆ ತಪಾಸಣೆಯುಳ್ಳ ನಿಲ್ದಾಣದಿಂದಲೇ ದೇಶ ಬಿಡಬೇಕಾದ್ದರಿಂದ, ಮೊದಲು ಬೆಂಗಳೂರಿಗೋ ಚೆನ್ನೈಗೋ ಹೋಗಿ, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಮುಂದುವರಿಯಿರಿ. ಅಂತರರಾಷ್ಟ್ರೀಯ ವಿಮಾನಯಾನದ ಕುರಿತ 1944ರ ಷಿಕಾಗೊ ಒಪ್ಪಂದದಂತೆ ವಿಮಾನದ ನೋಂದಣಿ ಪತ್ರ, ಹಾರಾಟದ ಅರ್ಹತಾ ಪತ್ರ, ಪೈಲಟ್ ಪರವಾನಗಿ, ಲಾಗ್‌ಬುಕ್, ಪ್ರಯಾಣಿಕರ ಪಟ್ಟಿ ಮೂಲಪ್ರತಿಗಳಲ್ಲಿಯೇ ಜೊತೆಗಿರಲಿ. ಶ್ರೀಲಂಕೆಯ ಅನುಮತಿಯನ್ನು ಮುಂಚೆಯೇ ಪಡೆಯಿರಿ.

ನನಗೆ ಹೆಚ್ಚು ಆತಂಕ ಇಂಧನದ್ದು. ಅವ್‌ಗ್ಯಾಸ್ ಎಲ್ಲ ನಿಲ್ದಾಣಗಳಲ್ಲೂ ಸಿಗದು. ಅದರ ಬದಲು ತಪ್ಪಿ ಜೆಟ್ ಇಂಧನ ತುಂಬಿದರೆ ಮೇಲೇರುತ್ತಲೇ ಎಂಜಿನ್ ನಿಂತುಹೋದೀತು. ಆದ್ದರಿಂದ ತುಂಬಿಸುವಾಗ ಪೈಲಟ್ ಪಕ್ಕದಲ್ಲಿಯೇ ನಿಂತು, ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ಬಸಿದು, 100 ಎಲ್‌ಎಲ್ ಎಂಬ ದರ್ಜೆಯ ಅವ್‌ಗ್ಯಾಸಿನ ನೀಲಿ ಬಣ್ಣ ಕಾಣುತ್ತದೆಯೇ, ನೀರು ಬೆರೆತಿಲ್ಲವೇ ಎಂದು ಪರೀಕ್ಷಿಸಲೇಬೇಕು. ಸಮುದ್ರದ ಮೇಲೆ ಹಾರುವಾಗ ಲೈಫ್ ಜಾಕೆಟ್ಟನ್ನು ಎಲ್ಲರೂ ತೊಟ್ಟೇ ಇರಬೇಕು. ಸೀಟಿನ ಹಿಂದೆ ಇಟ್ಟುಕೊಂಡರೆ ಸಾಲದು.