ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ, ನನಗೂ ಬರುತ್ತಾ?

ಪ್ರಶ್ನೆ: ನನಗೆ 33 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಲ್ಲಿ, ದಿನವಿಡೀ ಕೂತೇ ಇರುತ್ತೇನೆ, ವ್ಯಾಯಾಮ ಇಲ್ಲ. ಅಪ್ಪನಿಗೆ 51ನೇ ವಯಸ್ಸಿಗೆ ಸ್ಟೆಂಟ್ ಹಾಕಿದರು. ದೊಡ್ಡಪ್ಪ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಿದವರು ಏಳಲೇ ಇಲ್ಲ. ಅಮ್ಮನಿಗೆ ಶುಗರ್. ನಾನು ಸಿಗರೇಟ್ ಮುಟ್ಟಲ್ಲ, ಸೊಂಟದ ಸುತ್ತಳತೆ ಮಾತ್ರ 94 ಸೆಂ.ಮೀ. ಆಗಿದೆ. ಮನೆಯವರು ‘ಹಣೆಬರಹದಲ್ಲಿದ್ದರೆ ಬರುತ್ತೆ, ಸುಮ್ನಿರು’ ಅಂತಾರೆ. ಟೆಸ್ಟ್ ಮಾಡಿಸಬೇಕಾ?

ಉತ್ತರ: ಮಾಡಿಸಲೇಬೇಕು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಪ್ಪನ ವಯಸ್ಸು. ಅಪ್ಪ, ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ಅಮ್ಮ, ಅಕ್ಕತಂಗಿಯರಿಗೆ 65ಕ್ಕೆ ಮೊದಲು ಹೃದಯದ ರಕ್ತನಾಳ ಕಟ್ಟಿಕೊಂಡಿದ್ದರೆ ವೈದ್ಯರು ಅದನ್ನು ವಂಶದ ಸುಳಿವು ಅಂತ ಗಟ್ಟಿಯಾಗಿ ಹಿಡಿಯುತ್ತಾರೆ. ಅಪ್ಪನಿಗೆ 78ಕ್ಕೆ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ, ಅಲ್ಲಿ ವಯಸ್ಸಿನ ಪಾಲೇ ಜಾಸ್ತಿ.

ದೊಡ್ಡಪ್ಪನ ‘ಗ್ಯಾಸ್ಟ್ರಿಕ್’ ಕೂಡ ಹೃದಯಾಘಾತವೇ ಆಗಿದ್ದಿರಬಹುದು. ಹಾಗಾಗಿ ದೊಡ್ಡಮ್ಮನ ಹತ್ತಿರ ಸಮಾಧಾನವಾಗಿ ಕೂತು ಕೇಳಿ. ‘ಬಿಪಿ ಇತ್ತಾ?’ ಅಂತ ಕೇಳಿದರೆ ಇಲ್ಲ ಅಂತಲೇ ಬರುತ್ತೆ, ಯಾಕೆಂದರೆ ಅವತ್ತು ಯಾರೂ ನೋಡಿಸಿರಲಿಲ್ಲ. ಹಿಂದಿನ ದಿನ ಏನಾಯಿತು, ಬೆವರಿದರಾ, ಎಡಗೈ ನೋವು ಅಂದಿದ್ದರಾ ಅಂತ ಕೇಳಿ. ವಯಸ್ಸು ನೆನಪಿಲ್ಲದಿದ್ದರೆ ಯಾರ ಮದುವೆಯ ವರ್ಷ, ಯಾವ ಮಗು ಹುಟ್ಟಿದ ವರ್ಷ ಅಂತ ಹಿಡಿದರೆ ಲೆಕ್ಕ ಸಿಗುತ್ತೆ. ಅಜ್ಜ, ಮುತ್ತಜ್ಜಿಯರ ವಿಷಯಕ್ಕೂ ಹೀಗೇ. ‘ಲಕ್ವ ಹೊಡೀತು’ ಅಂದರೆ ಅದರ ಹಿಂದೆ ಬಿಪಿ ಇದ್ದಿರಬಹುದು, ‘ಕಾಲು ಕಪ್ಪಾಗಿ ಕತ್ತರಿಸಿದರು’ ಅಂದರೆ ಶುಗರ್ ಇದ್ದಿರಬಹುದು.

ಇನ್ನು ಅಪ್ಪನ ಆಸ್ಪತ್ರೆ ಕಾಗದ. ಸಾಮಾನ್ಯವಾಗಿ ಬೀರುವಿನ ಕೆಳಗಿನ ಖಾನೆಯಲ್ಲಿ, ಯಾವುದೋ ಜವಳಿ ಅಂಗಡಿಯ ಕವರ್‌ನಲ್ಲಿ, ಹಳೆಯ ಎಕ್ಸ್‌ರೇ ಜೊತೆ ಮಡಚಿ ಇಟ್ಟಿರುತ್ತಾರೆ. ಅದನ್ನು ತೆಗೆದು, ಕೊಲೆಸ್ಟ್ರಾಲ್ ಮಾತ್ರೆ ಶುರುವಾಗುವ ಮೊದಲಿನ ರಿಪೋರ್ಟ್ ಸಿಕ್ಕರೆ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್‌ನ ಸಾಲು ನೋಡಿ. ಅದು 190ಕ್ಕಿಂತ ಜಾಸ್ತಿ ಇದ್ದರೆ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಏರಿರುವ ವಂಶದ ತೊಂದರೆ ಇರಬಹುದು, ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ತೆಳ್ಳಗಿರುವವರಲ್ಲೂ, ಎಣ್ಣೆ ತುಪ್ಪ ಮುಟ್ಟದವರಲ್ಲೂ ಇದು ಇರುತ್ತೆ. ಬೇಗ ಗೊತ್ತಾದರೆ ಮಾತ್ರೆಯಲ್ಲಿ ಚೆನ್ನಾಗಿ ಇಳಿಸಬಹುದು.

ನಿಮಗೆ ಈಗ ಬೇಕಾದದ್ದು ಬಿಪಿ, ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ), ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ). ಜೊತೆಗೆ ಲೈಪೊಪ್ರೋಟೀನ್ (ಎ) ಅನ್ನೋ, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಕಣದ ಪರೀಕ್ಷೆ. ಅದು ಹೆಚ್ಚುಕಡಿಮೆ ಪೂರ್ತಿ ವಂಶದಿಂದಲೇ ಬರುವಂಥದ್ದು, ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು. ಬರೀ ಇಸಿಜಿ ಮಾಡಿಸಿ ‘ನಾರ್ಮಲ್’ ಬಂತು ಅಂತ ಮನೆಗೆ ಹೋಗಬೇಡಿ ದಯವಿಟ್ಟು, ರಕ್ತನಾಳ ಒಳಗೊಳಗೇ ಕಟ್ಟಿಕೊಳ್ಳುತ್ತಿದ್ದರೂ ಇಸಿಜಿ ಸರಿಯಾಗೇ ಬರಬಹುದು.

ಹಣೆಬರಹದ ಮಾತಿಗೆ ಬರೋಣ. ಶುಗರ್ ಬರುವ ಅಪಾಯ ಅಳೆಯಲು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ನಮ್ಮ ಜನರಿಗಾಗಿಯೇ 100 ಅಂಕದ ಲೆಕ್ಕ ಮಾಡಿದ್ದಾರೆ. ಅಪ್ಪ ಅಮ್ಮ ಇಬ್ಬರಿಗೂ ಶುಗರ್ ಇದ್ದರೂ ವಂಶಕ್ಕೆ ಸಿಗುವುದು 20 ಮಾತ್ರ, ಒಬ್ಬರಿಗೆ ಇದ್ದರೆ 10. ನಿಮ್ಮದನ್ನೇ ನೋಡಿ: ಅಮ್ಮನದು 10, ಸೊಂಟಕ್ಕೆ 10, ವ್ಯಾಯಾಮವಿಲ್ಲದೆ ಕೂತಿರುವುದಕ್ಕೆ 30, ಒಟ್ಟು 50. ಇನ್ನೆರಡು ವರ್ಷಕ್ಕೆ ನಿಮಗೆ 35 ತುಂಬಿದಾಗ ವಯಸ್ಸಿನದೇ 20 ಸೇರಿ 70 ಆಗುತ್ತೆ, 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಜಾಸ್ತಿ ಅಂತ ಲೆಕ್ಕ. ಇದರಲ್ಲಿ ಅಮ್ಮನಿಂದ ಬಂದದ್ದು 10, ನೀವು ಇಳಿಸಬಹುದಾದದ್ದು 40! ದಿನಾ ಬಿರುಸಾಗಿ ನಡೆಯಿರಿ, ಸೊಂಟ 90ರ ಒಳಗೆ ತನ್ನಿ.

ಪ್ರಶ್ನೆ: 28 ವರ್ಷ, ಶಿರಸಿ. ಸೋದರತ್ತೆಗೆ 39ಕ್ಕೆ ಸ್ತನ ಕ್ಯಾನ್ಸರ್ ಬಂತು, ಅಪ್ಪನ ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಇತ್ತು. ಅಪ್ಪನ ಕಡೆಯದ್ದು ಹೆಣ್ಣುಮಕ್ಕಳಿಗೆ ಬರಲ್ಲ ಅಂತಾರೆ, ನಿಜಾನಾ?

ಉತ್ತರ: ಖಂಡಿತ ನಿಜ ಅಲ್ಲ. ಈ ಎರಡು ಕ್ಯಾನ್ಸರ್ ಒಂದೇ ಮನೆಯಲ್ಲಿ ಕಂಡಾಗ ಬಿಆರ್‌ಸಿಎ ಎಂಬ ಜೀನ್‌ನಲ್ಲಿ ದೋಷ ಇರಬಹುದು ಅಂತ ಅನುಮಾನ ಬರುತ್ತೆ. ಗಂಡಸರಲ್ಲೂ ಅದು ಇರುತ್ತೆ. ನಿಮ್ಮ ಅಪ್ಪ ಪೂರ್ತಿ ಆರೋಗ್ಯವಾಗಿದ್ದೇ ಅದನ್ನು ನಿಮಗೆ ದಾಟಿಸಿರಬಹುದು, ದಾಟಿಸದೆಯೂ ಇರಬಹುದು. ಜೀನ್ ಟೆಸ್ಟ್ ಮೊದಲು ಮಾಡಿಸಬೇಕಾದದ್ದು ನೀವಲ್ಲ, ನಿಮ್ಮ ಅತ್ತೆ. ಅವರಲ್ಲಿ ದೋಷ ಸಿಕ್ಕರೆ ಅದನ್ನೇ ಅಪ್ಪನಲ್ಲಿ ಹುಡುಕಬಹುದು, ಅಪ್ಪನಲ್ಲಿ ಅದು ಇಲ್ಲದಿದ್ದರೆ ಆ ದಾರಿಯಿಂದ ನಿಮಗೆ ಬಂದಿಲ್ಲ. ನಮ್ಮಲ್ಲಿ ಹುಡುಗಿಯರ ಮದುವೆಗೆ ತೊಂದರೆ ಅಂತ ಇದನ್ನೆಲ್ಲ ಮುಚ್ಚಿಡುತ್ತಾರೆ, ನೋಡಿದಾಗೆಲ್ಲ ಸಂಕಟವಾಗುತ್ತೆ, ಯಾಕೆಂದರೆ ಮುಚ್ಚಿಟ್ಟಿದ್ದಕ್ಕೆ ಬೆಲೆ ತೆರುವವರು ಅದೇ ಹುಡುಗಿಯರು. ಅತ್ತೆಯನ್ನು ಒಪ್ಪಿಸಿ, ಅವರ ಬಯಾಪ್ಸಿ ರಿಪೋರ್ಟ್ ಹಿಡಿದುಕೊಂಡು ಇಬ್ಬರೂ ಜೊತೆಗೆ ಕ್ಯಾನ್ಸರ್ ತಜ್ಞರ ಹತ್ತಿರ ಹೋಗಿ.