ಅಮ್ಮ ಹೋದ ಮೇಲೆ ಪ್ರಾರ್ಥನೆಯೇ ಬರುತ್ತಿಲ್ಲ ಎಂದವರಿಗೆ

ಸೋಮವಾರಪೇಟೆಯ ಸಹೋದರಿಗೆ ನಮಸ್ಕಾರ. ಅಮ್ಮ ತೀರಿಕೊಂಡ ಮೇಲೆ ಜಪಸರ ಹಿಡಿದರೂ ಮಾತು ಹೊರಡುತ್ತಿಲ್ಲ, ದೇವರಿದ್ದಾನೋ ಇಲ್ಲವೋ ಎಂಬ ಅನುಮಾನ, ಹೀಗಿರುವಾಗ ಚರ್ಚಿನ ಭಾನುವಾರದ ಪೂಜೆಗೆ ಹೋಗುವುದು ನಾಟಕವಲ್ಲವೇ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ಬೈಬಲಿನ ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆ ನಂಬುತ್ತೇನೆ ಅನ್ನುತ್ತಾನೆ, ಜೊತೆಗೇ ತನ್ನ ಅಪನಂಬಿಕೆಗೆ ನೆರವನ್ನೂ ಬೇಡುತ್ತಾನೆ. ಯೇಸು ಅವನನ್ನು ಗದರಲಿಲ್ಲ, ಮಗನನ್ನು ಗುಣಪಡಿಸಿದರು. ಬೈಬಲಿನದೇ 88ನೇ ಕೀರ್ತನೆಯನ್ನೂ ಓದಿ. ದುಃಖದ ಬೇರೆ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದು ದೇವರನ್ನೇ ಕರೆದು ಆಡಿದ ಮಾತು. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರ ಒಳಗೂ ಇಂಥದೇ ಕತ್ತಲೆ ಇತ್ತೆಂದು ತಿಳಿಯಿತು. ಅಷ್ಟೂ ವರ್ಷ ಅವರು ಸೇವೆ ಬಿಡಲಿಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಅರ್ಧ ಕಾಫಿ ತೋಟ ಮಣ್ಣುಪಾಲಾಯಿತು. ಆಮೇಲೆ ಸುಮಾರು ಎರಡು ವರ್ಷ ನನಗೂ ಪ್ರಾರ್ಥನೆ ಬರಲಿಲ್ಲ. ಮಡಿಕೇರಿಯ ಸಂತ ಮೈಕಲರ ಚರ್ಚಿನಲ್ಲಿ ಹಿಂದಿನ ಬೆಂಚಿನ ಮೇಲೆ ಸುಮ್ಮನೆ ಕೂರುತ್ತಿದ್ದೆ. ಪಕ್ಕದ ಅಜ್ಜಿ, ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರ ಹೇಳುವಾಗ, ನನ್ನ ಪಾಲಿನದನ್ನೂ ಅವರೇ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಆ ದಿನಗಳಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಅದೇ.

ಪೂರ್ತಿ ಜಪಸರ ಸದ್ಯಕ್ಕೆ ಬೇಡ, ಮರಿಯಮ್ಮನವರಿಗೆ ಹೇಳುವ ಒಂದೇ ಒಂದು ನಮೋ ಮರಿಯಾ ಪ್ರಾರ್ಥನೆ ಸಾಕು. ಸಿಟ್ಟಿದ್ದರೆ ಅದನ್ನೂ ದೇವರ ಮುಂದೆಯೇ ಹೇಳಿ. ಊಟ, ನಿದ್ದೆ ಕೆಟ್ಟಿದ್ದರೆ ಡಾಕ್ಟರನ್ನೂ ಕಾಣಿ, ತಡಮಾಡಬೇಡಿ. ಅಮ್ಮನ ವರ್ಷದ ಪೂಜೆ ಯಾವತ್ತು ಎಂದು ತಿಳಿಸಿ, ನಾನೂ ಬಂದು ನಿಮ್ಮ ಪಕ್ಕ ಕೂರುತ್ತೇನೆ.